ಕಾರಿನ ಬಾಯಿಗೆ ತೀರ್ಥ

ಪೆಟ್ರೋಲ್ ಬಂಕಿನ ಸಾಲಿನಲ್ಲಿ ಮುಂದಿನವರು ಸಾದಾ ಹಾಕಿಸುವುದೋ ದುಬಾರಿಯದನ್ನು ಹಾಕಿಸುವುದೋ ಎಂದು ತಲೆ ಕೆರೆದುಕೊಳ್ಳುವುದನ್ನು ಕಂಡಾಗ, ಎಥನಾಲ್ ಬೆರೆಸಿ ಬೆರೆಸಿ ನಮ್ಮ ಗಾಡಿಗಳನ್ನೆಲ್ಲ ಹಾಳುಮಾಡಿದರು ಎಂದು ಗೊಣಗುವುದನ್ನು ಕೇಳಿದಾಗ ನನಗೆ ಒಳಗೊಳಗೇ ನಗು ಬರುತ್ತದೆ. ಜಂಬ ಎಂದೇ ಇಟ್ಟುಕೊಳ್ಳಿ, ಈ ಚರ್ಚೆ ನಮ್ಮ ಮನೆಯಲ್ಲಿ ಅರವತ್ತರ ದಶಕದಲ್ಲೇ ಮುಗಿದುಹೋಗಿತ್ತು. ಅದೂ ನಮ್ಮೂರು ಆವತಿಯಲ್ಲಿ, ರಾಗಿ ಕಣದ ಪಕ್ಕ ನಿಂತಿರುತ್ತಿದ್ದ ಒಂದು ಮುದಿ ಕಾರಿನ ಮುಂದೆ. ಮುಗಿಸಿದವಳು ಅಪ್ಪನ ತಂಗಿ, ನನ್ನ ರತ್ನತ್ತೆ.

ಕಾರು ಅತ್ತೆಯ ಗಂಡನದು. ಮಾವ ಸೈನ್ಯದಲ್ಲಿದ್ದರು, ದೂರದ ಗಡಿಗೆ ವರ್ಗವಾದಾಗ ಹೆಂಡತಿಯನ್ನೂ ಕಾರನ್ನೂ ನಮ್ಮ ಮನೆಯಲ್ಲಿ ಬಿಟ್ಟುಹೋದರು. ಹೋಗುವ ಮೊದಲು ಅತ್ತೆಗೆ ಓಡಿಸುವುದನ್ನಷ್ಟೇ ಅಲ್ಲ, ಬಾನೆಟ್ ಎತ್ತಿ ಒಳಗಿನದನ್ನು ಬಿಚ್ಚಿ ಜೋಡಿಸುವುದನ್ನೂ ಕಲಿಸಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅತ್ತೆ ಸ್ಟೇರಿಂಗ್ ಹಿಡಿದು ಕೂತರೆ ಎಮ್ಮೆ ಮೇಯಿಸುವವರೂ ಎಮ್ಮೆ ಮರೆತು ನೋಡುತ್ತಿದ್ದರು. ಅಪ್ಪನಿಗೆ ತಂಗಿಯ ಮೇಲೆ ಪ್ರೀತಿ ಬೇಕಾದಷ್ಟಿತ್ತು, ನಂಬಿಕೆ ಅಷ್ಟಿರಲಿಲ್ಲ. "ನೋಡು ರತ್ನಾ, ಎಲ್ಲಾದ್ರೂ ನಡುದಾರೀಲಿ ಇದು ನಿಂತ್ಕೊಂಡ್ರೆ ಅವತ್ತೇ ಬೀಗದಕೈ ನನಗೆ ಕೊಟ್ಬಿಡ್ಬೇಕು. ಬೆಂಗಳೂರಿಂದ ಡ್ರೈವರ್ ಕರೆಸ್ತೀನಿ" ಎಂದು ಮೊದಲ ದಿನವೇ ಮಾತು ತೆಗೆದುಕೊಂಡಿದ್ದರು. ಅತ್ತೆ ಆಗಲಿ ಎಂದಿದ್ದಳು. ಒಂದು ಸಲವೂ ನಿಂತಿರಲಿಲ್ಲ.

ದೇವನಹಳ್ಳಿಯ ಬಂಕಿಗೆ ಹೋದಾಗಲೆಲ್ಲ ಅಣ್ಣ ತಂಗಿಯರಿಗೆ ಜಟಾಪಟಿ. ಅಪ್ಪ ಪೇಟ ಸರಿಮಾಡಿಕೊಂಡು, "ಮೇಲಿನ ಕ್ಲಾಸಿಂದು ಹಾಕಪ್ಪ" ಎನ್ನುವರು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, "ಬೇಡ, ಸಾದಾನೇ ಹಾಕಿ" ಎನ್ನುವಳು.

"ನಾಲ್ಕು ಜನ ನೋಡ್ತಾರಮ್ಮ."

"ಜನ ನೋಡಿದ್ರೆ ಎಂಜಿನ್ ಓಡುತ್ತಾ ಅಣ್ಣಾ? ಮುದ್ದೆ ಉಂಡು ಗಟ್ಟಿಯಾಗಿರೋ ಹೊಟ್ಟೆ ಇದು. ಪಾಯಸ ಸುರಿದ್ರೆ ಬಲ ಬರಲ್ಲ."

ಅವಳ ಮಾತು ನಿಜವಾಗಿತ್ತು. ಪೆಟ್ರೋಲನ್ನು ಬಲವಾಗಿ ಒತ್ತಿ ಉರಿಸುವ ಹೊಸ ಎಂಜಿನ್ನುಗಳಿಗೆ ಮೇಲ್ದರ್ಜೆಯದು ಬೇಕು, ಇಲ್ಲದಿದ್ದರೆ ಒಳಗೆ ಟಕಟಕ ಬಡಿತ ಶುರುವಾಗುತ್ತದೆ. ಮೆಲ್ಲಗೆ ಒತ್ತುವ ನಮ್ಮ ಮುದಿ ಎಂಜಿನ್ನಿಗೆ ಸಾದಾ ಸಾಕು. ಮೇಲಿನದು, ಕೆಳಗಿನದು ಎಂದು ನಾವು ಹೆಸರಿಟ್ಟ ಮಾತ್ರಕ್ಕೆ ಮೇಲಿನದೆಲ್ಲ ಎಲ್ಲರಿಗೂ ಒಳ್ಳೆಯದಾಗಿಬಿಡುತ್ತದೆಯೇ, ನೀವೇ ಹೇಳಿ. ಮದುವೆಮನೆಯ ಪಂಕ್ತಿಯಿಂದ ಹಿಡಿದು ಮಕ್ಕಳ ಓದಿನವರೆಗೆ ನಾವು ಈ ಒಂದು ತಪ್ಪನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತೇವೆ ಎಂದು ನೆನೆದರೆ ನನಗೆ ಈಗಲೂ ಆ ಬಂಕೇ ಕಣ್ಣಮುಂದೆ ಬರುತ್ತದೆ.

ಅತ್ತೆಯ ನಿಜವಾದ ಎಚ್ಚರ ಇನ್ನೊಂದರ ಮೇಲಿತ್ತು. ಆಗೆಲ್ಲ ಕೆಲವೊಮ್ಮೆ ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟನ್ನು ಬೆರೆಸಿದ ಪೆಟ್ರೋಲು ಬರುತ್ತಿತ್ತು. ಈಗ ಎಥನಾಲ್ ಎನ್ನುತ್ತಾರಲ್ಲ, ಅದೇ. ಅದು ರಬ್ಬರ್ ಕೊಳವೆಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆಂದು ಅತ್ತೆ ಆಗಾಗ ಮುಟ್ಟಿ ನೋಡಿ ಬದಲಿಸುತ್ತಿದ್ದಳು. ಪೆಟ್ರೋಲು ನೀರನ್ನು ಹತ್ತಿರ ಸೇರಿಸುವುದಿಲ್ಲ, ಆದರೆ ಸ್ಪಿರಿಟ್ಟು ನೀರು ಕಂಡರೆ ತಬ್ಬಿಕೊಳ್ಳುತ್ತದೆ. ನೀರು ಹೆಚ್ಚಾಯಿತೋ, ಪೆಟ್ರೋಲಿನ ಸಂಗ ತೊರೆದು ನೀರಿನ ಜೊತೆಗೇ ತಳ ಸೇರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಅತ್ತೆ ಟ್ಯಾಂಕಿನ ಮುಚ್ಚಳಕ್ಕೆ ಬಟ್ಟೆ ಸುತ್ತುತ್ತಿದ್ದಳು. ಇಷ್ಟೆಲ್ಲ ಕಾಯುವವಳಿಗೆ ನೀರು ಮನೆಯೊಳಗಿಂದಲೇ ಬಂದೀತೆಂದು ಹೊಳೆಯುವುದಾದರೂ ಹೇಗೆ?

ಆ ವರ್ಷ ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಬಾವಿಯಿಂದ ನೀರೆತ್ತುವ ಕಪಿಲೆಯ ಹಗ್ಗ ಎಲ್ಲಕ್ಕೂ ಕುಂಕುಮವಿಟ್ಟು ಕಾರಿಗೂ ಬಾಳೆಕಂದು ಕಟ್ಟಿದೆವು. ಟ್ಯಾಂಕು ಹಿಂದಿನ ದಿನ ತಾನೇ ತುಂಬಿತ್ತು, ಅದೇ ಸ್ಪಿರಿಟ್ಟು ಬೆರೆತದ್ದು. ಮರುದಿನ ವಿಜಯದಶಮಿಗೆ ಚಿಕ್ಕಪ್ಪನಿಗೆ ಹೆಣ್ಣು ನೋಡಲು ಬೂದಿಗೆರೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಹಾಗೆಯೇ ಹೊರಟೆವು: ಓಡಿಸಲು ಅತ್ತೆ, ಪಕ್ಕದಲ್ಲಿ ಜರಿ ಪೇಟದ ಅಪ್ಪ, ಹಿಂದೆ ಅಜ್ಜಿ, ಹೊಸ ಪಂಚೆಯ ಚಿಕ್ಕಪ್ಪ, ನಾನು. ಊರು ಬಿಟ್ಟು ಸ್ವಲ್ಪ ದೂರದಲ್ಲೇ ಕಾರು ಕೆಮ್ಮಿತು. ದೇವನಹಳ್ಳಿ ದಾಟಿದ ಮೇಲೆ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು.

ಎದುರಿಗೆ ಬಂದ ಎತ್ತಿನ ಗಾಡಿಯವನು ಗಾಡಿ ನಿಲ್ಲಿಸಿ, "ಹೆಂಗಸ್ರು ಓಡಿಸಿದ್ರೆ ಇನ್ನೇನಾಯ್ತದೆ ಗೌಡ್ರೇ" ಎಂದು ನಕ್ಕು ಹೋದ. ಅಪ್ಪನ ಮುಖ ಸಣ್ಣದಾಯಿತು. ಅತ್ತೆ ರೇಷ್ಮೆ ಸೀರೆಯಲ್ಲೇ ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿ, ಟ್ಯಾಂಕಿನ ತಳದ ಬೋಲ್ಟು ಸಡಿಲಿಸಿ, ಗಾಜಿನ ಸೀಸೆ ಹಿಡಿದಳು. ಸೀಸೆಯಲ್ಲಿ ಮೇಲೊಂದಿಷ್ಟು ಪೆಟ್ರೋಲು, ಕೆಳಗೆ ಗಂಜಿ ತಿಳಿಯಂಥ ಮಬ್ಬು ನೀರು. ಆ ನೀರಿನೊಳಗೆ ಒಂದು ತುಳಸಿ ಎಲೆ.

ನಾನು ಬಗ್ಗಿ ನೋಡುತ್ತಿದ್ದೆ. ಅತ್ತೆ ಎಲೆಯನ್ನೇ ದಿಟ್ಟಿಸಿದಳು. ಆಮೇಲೆ ಸೀಸೆಯನ್ನು ಹುಲ್ಲಿನ ಮೇಲೆ ಸುರಿದು ಎಲೆಯನ್ನು ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡಳು. ತಳದ ನೀರನ್ನೆಲ್ಲ ಬಸಿದು, ಕಾರ್ಬೊರೇಟರ್ ಬಿಚ್ಚಿ ಒರೆಸಿ, ಮತ್ತೆ ಜೋಡಿಸಿದಳು. ಎಂಜಿನ್ ಹಿಡಿಯಿತು. ಯಾರೂ ಕಾಣದಂತೆ ಎಸೆಯಲೆಂದು ಎಲೆಯನ್ನು ಮತ್ತೆ ಮುಷ್ಟಿಗೆ ತೆಗೆದುಕೊಂಡಳು.

"ಏನಾಗಿತ್ತು?" ಎಂದರು ಅಪ್ಪ.

"ಪೆಟ್ರೋಲು ಕೆಟ್ಟಿತ್ತು ಅಣ್ಣಾ."

"ನೀನೇ ಆರಿಸಿದ ಪೆಟ್ರೋಲಲ್ವಾ? ಸಾದಾ ಸಾಕು ಸಾದಾ ಸಾಕು ಅಂತ ಕುಣಿದೋಳು ನೀನೇ. ಬೂದಿಗೆರೆ ಮುಟ್ಟಿಸು. ಊರಿಗೆ ಹೋದ್ಮೇಲೆ ಬೀಗದಕೈ ಕೊಟ್ಬಿಡು."

ಅತ್ತೆಯ ಕಣ್ಣು ತುಂಬಿತು. ಆ ಕಾರು ಅವಳಿಗೆ ಬರೀ ಕಾರಲ್ಲ. ಗಡಿಯಲ್ಲಿದ್ದ ಗಂಡ ನಂಬಿ ಕೊಟ್ಟುಹೋದದ್ದು. ಒಂದೇ ಒಂದು ಮಾತು ಹೇಳಿದ್ದರೆ ಅದು ಅವಳ ಕೈಯಲ್ಲೇ ಉಳಿಯುತ್ತಿತ್ತು. ಆದರೂ "ಆಗ್ಲಿ" ಎಂದಳು, ಮುಷ್ಟಿ ಬಿಡಲಿಲ್ಲ.

ಅಜ್ಜಿ ಅಷ್ಟು ಹೊತ್ತಿಗೆ ಕಾರಿನಿಂದ ಇಳಿದು ಎಲ್ಲವನ್ನೂ ನೋಡುತ್ತಿದ್ದಳು. ಮಗಳ ಕೈ ಹಿಡಿದು, ಬೆರಳು ಬಿಡಿಸಿ, ಎಲೆಯನ್ನು ತೆಗೆದು ಮಗನ ಅಂಗೈಗೆ ಹಾಕಿದಳು.

"ನಾನು ಹಾಕಿದ್ದು ಕಣೋ ಇದು. ವರ್ಷಾವರ್ಷ ಪೂಜೆ ಆದ್ಮೇಲೆ ಮುಚ್ಚಳ ತೆಗೆದು ಒಂದು ಉದ್ಧರಣೆ ತೀರ್ಥ ಬಿಡ್ತಿದ್ದೆ. ಕಾರಿಗೂ ಉಣ್ಣೋದಕ್ಕೆ ಬಾಯಿ ಐತೆ, ತೀರ್ಥ ಇಲ್ದೆ ಹೆಂಗೆ ಕಳಿಸ್ಲಿ? ಈ ಸಲ ಹುಡುಗನ ಮದುವೆ ಮಾತು ಅಂತ ಗಿಂಡೀಲಿದ್ದದ್ದೆಲ್ಲ ಹೊಯ್ದೆ. ಅದು ಅವಳಿಗೂ ಗೊತ್ತಾಯ್ತು. ಗೊತ್ತಾಗಿ ನನ್ನ ಮಾನ ಉಳಿಸೋಕೆ ತನ್ನ ಬೀಗದಕೈ ಬಿಟ್ಕೊಡ್ತಾವ್ಳೆ."

ಅಪ್ಪ ಅಂಗೈಯಲ್ಲಿದ್ದ ಎಲೆಯನ್ನು ಏನು ಮಾಡಬೇಕೆಂದು ತೋಚದೆ ಕಣ್ಣಿಗೊತ್ತಿಕೊಂಡರು. ಆಮೇಲೆ ತಂಗಿಯ ಕಡೆ ತಿರುಗಿ, "ಬೀಗದಕೈ ನಿನ್ನ ಹತ್ರಾನೇ ಇರ್ಲಿ ಬಿಡಮ್ಮ" ಎಂದರು. ಅಷ್ಟಕ್ಕೆ ಬಿಡುವವಳೇ ನಮ್ಮಜ್ಜಿ? ಮುಂದಿನ ಬಾಗಿಲು ತೆಗೆದು, "ನೀನು ಹಿಂದೆ ಹೋಗು ಮಗಾ" ಎಂದು ಅಪ್ಪನ ಜಾಗದಲ್ಲಿ ತಾನೇ ಕೂತಳು.

ಬೂದಿಗೆರೆಯಲ್ಲಿ ಹೆಣ್ಣಿನ ಕಡೆಯ ಹಿರಿಯರು ಯಜಮಾನರನ್ನು ಇಳಿಸಿಕೊಳ್ಳಲು ಮುಂದಿನ ಬಾಗಿಲಿಗೆ ಧಾವಿಸಿ ಬಂದರು. ಬಾಗಿಲು ತೆಗೆದರೆ ಅಜ್ಜಿ. ಅವರು ಒಂದು ಹೆಜ್ಜೆ ಹಿಂದೆ ಸರಿದು, ಮಣ್ಣು ಮೆತ್ತಿದ ರೇಷ್ಮೆ ಸೀರೆಯಲ್ಲಿ ಸ್ಟೇರಿಂಗ್ ಹಿಡಿದಿದ್ದ ಅತ್ತೆಯನ್ನು ಮಿಕಿಮಿಕಿ ನೋಡಿದರು. ಅಜ್ಜಿ ಇಳಿಯಲಿಲ್ಲ. ಕೂತಲ್ಲಿಂದಲೇ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು: "ಇವಳು ನನ್ನ ಮಗಳು. ಮೊದಲು ಇವಳಿಗೆ ಕಾಲಿಗೆ ನೀರು ಕೊಡಿ."