ತೊಟ್ಟಿಗೆ ಇಟ್ಟ ಬೊಟ್ಟು

ಉಮಾವತಿ ನಾವುಂದದ ಕಡಲಬದಿಯಲ್ಲಿ ಹುಟ್ಟಿದವಳು. ಸಣ್ಣಂದಿನಲ್ಲಿ ತಾಯಿಯ ಹಿಂದೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವಳು. ಮದುವೆಯಾಗಿ ಕೋಟೇಶ್ವರಕ್ಕೆ ಬಂದ ಮೇಲೂ ಬುಟ್ಟಿ ಬಿಟ್ಟಿರಲಿಲ್ಲ. ಅಂಥವಳು ಈಗ ತೆಕ್ಕಟ್ಟೆ ಹತ್ತಿರದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ತೊಳೆಯುವ ಕೆಲಸಕ್ಕಿದ್ದಳು. ಪಾತ್ರೆ ತೊಳೆಯುವುದಲ್ಲ, ನೆಲ ತೊಳೆಯುವುದಲ್ಲ. ಮುರಿದ ಎಲುಬು ಕೂಡಿಸಲು ಡಾಕ್ಟರು ಮೈಯೊಳಗೆ ತಿರುಪುತ್ತಾರಲ್ಲ, ಆ ಸ್ಕ್ರೂ ತೊಳೆಯುವುದು.

ಸ್ಕ್ರೂ ಅಂದರೆ ಭತ್ತದ ಕಾಳಿನಷ್ಟಿದ್ದವೂ ಉಂಟು, ಬೆರಳುದ್ದದವೂ ಉಂಟು. ಹೊರಗಿನ ದೊಡ್ಡ ಹಾಲ್‌ನಲ್ಲಿ ಮಿಷಿನು ಅವನ್ನು ಕಡೆದು ಹಾಕುವಾಗ ಎಣ್ಣೆಜಿಡ್ಡು, ಸ್ಟೀಲಿನ ಹುಡಿ ಎಲ್ಲ ಮೆತ್ತಿಕೊಂಡಿರುತ್ತದೆ. ಅದನ್ನು ಜಾಲರಿ ಬುಟ್ಟಿಯಲ್ಲಿಟ್ಟು ಒಂದು ಸ್ಟೀಲ್ ತೊಟ್ಟಿಯೊಳಗೆ ಇಳಿಸಬೇಕು. ತೊಟ್ಟಿಯಲ್ಲಿ ಬಿಸಿನೀರು, ಅದಕ್ಕೆ ಕ್ಯಾನಿನಲ್ಲಿ ಬರುವ ಲಿಕ್ವಿಡ್ಡು ಅಳೆದು ಹಾಕಬೇಕು. ಸ್ವಿಚ್ಚು ಒತ್ತಿದರೆ ತೊಟ್ಟಿ ಗುಂಯ್ಯೆಂದು ನೀರನ್ನು ನಡುಗಿಸುತ್ತದೆ. ಕೈ ಹೋಗದ ಸಂದಿ, ಬ್ರಶ್ಶು ಹೋಗದ ತಿರುಪು, ಅಲ್ಲಿದ್ದ ಕೊಳೆಯೆಲ್ಲ ಬಿಟ್ಟು ಬರುತ್ತದೆ. ಆಮೇಲೆ ಶುದ್ಧ ಮಾಡಿದ ನೀರಿನ ಟಬ್ಬುಗಳಲ್ಲಿ ಒಂದಾದ ಮೇಲೊಂದರಂತೆ ಜಾಲಿಸಬೇಕು. ಬಾವಿ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಕೂತುಬಿಡುತ್ತದೆ.

ಹೊಸತರಲ್ಲಿ ಅವಳಿಗೆ ಆ ಲಿಕ್ವಿಡ್ಡಿನ ಮೇಲೆ ನಂಬಿಕೆಯೇ ಇರಲಿಲ್ಲ.

"ಇದ್ ಎಂತ ಸೋಪ್ ಮೇಡಂ? ನೊರೆಯೂ ಇಲ್ಲ, ಪರಿಮಳವೂ ಇಲ್ಲ. ಮೀನಿನ ಬುಟ್ಟಿ ಸಹ ಇದ್ರಲ್ಲಿ ತೊಳೂಕಾಗ," ಎಂದಿದ್ದಳು.

ನವ್ಯಶ್ರೀ ಎಂಬ ಹುಡುಗಿ ಅಲ್ಲಿ ಮಾಲಿನ ಗುಣ ನೋಡುವ ಮೇಡಂ. ವಯಸ್ಸು ಸಣ್ಣದಾದರೂ ಮಾತು ಖಡಕ್ಕು. ಅವಳು ನಕ್ಕು, "ನೊರೆ ಬಂದ್ರೆ ಆ ನೊರೆ ತೆಗೂಕೆ ಮತ್ತೊಂದ್ ಸಲ ತೊಳೀಕ್ ಉಮಕ್ಕ. ನಮ್ಗೆ ಕೊಳೆಯೂ ಉಳೂಕಾಗ, ಸೋಪೂ ಉಳೂಕಾಗ," ಎಂದಳು. ಆ ತೊಳೆಯುವ ರೂಮಿನೊಳಗೆ ಹೂ ಮುಡಿಯುವಂತಿಲ್ಲ, ಬಳೆ ತೊಡುವಂತಿಲ್ಲ, ಪೌಡರು ಹಾಕುವಂತಿಲ್ಲ. ತಲೆಗೆ ಟೊಪ್ಪಿ, ಕೈಗೆ ಗ್ಲೌಸು.

ಉಮಾವತಿ ಈ ಕೆಲಸಕ್ಕೆ ಬಂದದ್ದು ಗಂಡ ಪಾಂಡುವಿನ ಕಾಲಿನ ದೆಸೆಯಿಂದ. ಅವನು ಗಂಗೊಳ್ಳಿಯ ಬೋಟಿಗೆ ಹೋಗುತ್ತಿದ್ದವ. ಬಲೆ ಎಳೆಯುವಾಗ ಕಾಲು ಹಗ್ಗಕ್ಕೆ ಸಿಕ್ಕಿ ತೊಡೆಯ ಎಲುಬು ಮುರಿಯಿತು. ದೂರದ ಆಸ್ಪತ್ರೆಯೊಂದರಲ್ಲಿ ರಾಡು, ಸ್ಕ್ರೂ ಹಾಕಿ ಕಳಿಸಿದರು. ಹೊಲಿಗೆ ಬಿಚ್ಚಿದ ಮೇಲೆ ಕೀವು ಶುರುವಾಯಿತು. ಮತ್ತೆ ಕೊಯ್ದರು, ತೆಗೆದರು, ಬೇರೆ ಹಾಕಿದರು. ಎಲ್ಲಿಂದ ನಂಜಾಯಿತೆಂದು ಕೇಳಿದರೆ ಡಾಕ್ಟರು, ಅದು ಯಾವುದರಿಂದಲೂ ಆಗಬಹುದು, ಹೇಳಲಿಕ್ಕಾಗುವುದಿಲ್ಲ ಎಂದರು. ಕಾಲು ಗಿಡ್ಡವಾಯಿತು, ಕಡಲು ತಪ್ಪಿತು. ಗಾಯ ಇನ್ನೂ ಆಗಾಗ ಒಸರುತ್ತದೆ. ಅಂದಿನಿಂದ ಉಮಾವತಿಯ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಆ ಸ್ಕ್ರೂವನ್ನು ತೊಳೆದವರು ಯಾರು? ಸಮ ತೊಳೆದಿದ್ದರೋ ಇಲ್ಲವೋ? ಹಾಗಾಗಿ ತೊಟ್ಟಿಗೆ ಬುಟ್ಟಿ ಇಳಿಸುವಾಗೆಲ್ಲ, ಇದು ಪಾಂಡುವಿನ ತೊಡೆಗೇ ಹೋಗುವುದು ಎಂಬಂತೆ ಇಳಿಸುತ್ತಿದ್ದಳು.

ಆಯುಧಪೂಜೆ ಬಂತು. ಕಡಲಿಗೆ ಹೋಗುವವರ ಮನೆಯಲ್ಲಿ ಅದೇನು ಸಣ್ಣ ಹಬ್ಬವೇ? ಬೋಟಿನ ಇಂಜಿನ್ನು, ಬಲೆ, ಕತ್ತಿ, ಸೈಕಲ್ಲು, ಅನ್ನ ಕೊಡುವ ಎಲ್ಲದಕ್ಕೂ ಅರಿಶಿನ, ಕುಂಕುಮದ ಬೊಟ್ಟು ಬೀಳಬೇಕು. ಮುನ್ನಾದಿನ ಸಂಜೆ ಪಾಂಡು ಜಗಲಿಯಲ್ಲಿ ಕಾಲು ನೀಡಿ ಕೂತು ಕೇಳಿದ.

"ನಿಮ್ಮಲ್ಲಿ ಪೂಜಿ ಇತ್ತಾ ನಾಳೆ?"

"ಇತ್ತ್. ಹೊರಗಿನ ಮಿಷಿನಿಗೆ ಮಾತ್ರ. ತೊಳೂ ರೂಮೊಳ್ಗೆ ಹೂವೂ ಇಲ್ಲ, ಗಂಧವೂ ಇಲ್ಲ ಅಂದ್ರ್ ಮೇಡಂ."

"ಎಂತ? ನಾವ್ ಉಣ್ಣೂದ್ ಆ ತೊಟ್ಟಿಯಿಂದ. ಅದ್ಕೆ ಒಂದ್ ಬೊಟ್ಟ್ ಇಡೂಕಾಗ್ದಾ? ಬೊಟ್ಟಿಲ್ದೆ ನಾ ಒಂದ್ ವರ್ಷವೂ ಬೋಟ್ ಹತ್ತಿದವ ಅಲ್ಲ." ತೊಡೆ ನೀವಿಕೊಳ್ಳುತ್ತ ಮತ್ತೆ ಹೇಳಿದ, "ಆ ವರ್ಷ ಮಾತ್ರ ತಪ್ಪಿತ್ತ್."

ಆ ವರ್ಷ ಅಂದರೆ ಕಾಲು ಮುರಿದ ವರ್ಷ. ಬೆಳಿಗ್ಗೆ ಹೊರಡುವಾಗ ಉಮಾವತಿ ಅರಿಶಿನವನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಕುಂಕುಮದ ಜೊತೆ ಬಾಳೆಲೆಯ ತುಂಡಿನಲ್ಲಿ ಕಟ್ಟಿಕೊಂಡಳು. ಎಣ್ಣೆಯಲ್ಲಿ ಕಲಸಿದರೆ ಸ್ಟೀಲಿಗೆ ಹಿಡಿದು ನಿಲ್ಲುತ್ತದೆ.

ಫ್ಯಾಕ್ಟರಿಯ ಧಣಿ ಭೋಜರಾಜ ಶೆಟ್ಟರು ಹೊರಗೆ ಕುಂಬಳಕಾಯಿ ಒಡೆದರು. ಎಲ್ಲರೂ ಪಂಚಕಜ್ಜಾಯಕ್ಕೆ ಕೈಯೊಡ್ಡಿ ನಿಂತಿದ್ದಾಗ ಇವಳು ಮೆಲ್ಲ ಒಳಗೆ ಹೋದಳು. ತೊಟ್ಟಿಯ ಮುಚ್ಚಳ ಎತ್ತಿ, ಆ ಮುಚ್ಚಳದ ಒಳಬದಿಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಬೊಟ್ಟಿಟ್ಟು ಕೈಮುಗಿದಳು. ಅನ್ನ ಕೊಟ್ಟದ್ದಕ್ಕೆ ಕೈಮುಗಿದಳೇ, ಗಂಡನ ಕಾಲಿಗೆ ಕೈಮುಗಿದಳೇ, ಅವಳಿಗೇ ಗೊತ್ತಿಲ್ಲ. ಮನಸ್ಸು ಮಾತ್ರ ಹಗುರಾಯಿತು.

ರಜೆ ಕಳೆದು ಕೆಲಸ ಶುರುವಾದ ದಿನ ಬೆಳಗಿನಿಂದ ತೊಟ್ಟಿಗೆ ಬಿಡುವಿಲ್ಲ. ತೊಳೆದದ್ದು ತೊಳೆದ ಹಾಗೆ ಒಣಗಿ, ಪ್ಯಾಕಾಗಿ, ಬಾಗಿಲ ಹತ್ತಿರ ಪೆಟ್ಟಿಗೆ ಸೇರುತ್ತಿತ್ತು. ಸಂಜೆ ಟೆಂಪೋದಲ್ಲಿ ಅದು ಹೋಗಬೇಕು. ಮಧ್ಯಾಹ್ನದ ಊಟ ಕಳೆದು ಉಮಾವತಿ ಮುಚ್ಚಳ ಎತ್ತಿದಾಗ ಮೂಲೆಯಿಂದ ಒಂದು ಹನಿ ತೊಟ್ಟಿಗೆ ಬಿತ್ತು. ಬಿದ್ದಲ್ಲಿಂದ ಕೆಂಪು ಗೆರೆಯೊಂದು ನೀರೊಳಗೆ ಬಳುಕುತ್ತ ಇಳಿಯಿತು.

ಜೊತೆಗೆ ಕೆಲಸ ಮಾಡುವ ಗುಲಾಬಿ ಹಾರಿಬಿದ್ದಳು. "ಹೆಣೆ ಉಮಾವತಿ, ರಕ್ತ! ಕೈ ಕೊಯ್ಕಂಡ್ಯಾ?"

"ರಕ್ತ ಅಲ್ಲ," ಎಂದಳು ಉಮಾವತಿ. "ಓಕ್ಳಿ."

ಮದುಮಕ್ಕಳಿಗೆ ಆರತಿ ಎತ್ತುವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ಯಾವ ಹೆಂಗಸು ಕಂಡಿಲ್ಲ? ಲಿಕ್ವಿಡ್ಡಿನಲ್ಲೂ ಸುಣ್ಣದ ಗುಣವೇ ಇತ್ತು. ಮುಚ್ಚಳಕ್ಕೆ ಹತ್ತಿದ ಬಿಸಿ ಹಬೆಗೆ ಬೊಟ್ಟು ಕರಗಿ ಇಳಿಯುತ್ತಿತ್ತು. ಅರಿಶಿನ ಒಂದೇ ಅಲ್ಲ, ಜೊತೆಗೆ ತೆಂಗಿನೆಣ್ಣೆ, ಅಂಗಡಿಯ ಕುಂಕುಮ, ಬಾಳೆಲೆಯ ಮೇಲಿದ್ದ ಧೂಳು. ಯಾವಾಗಿನಿಂದ ಇಳಿಯುತ್ತಿತ್ತು, ಯಾವ ಬುಟ್ಟಿಯ ಮೇಲೆ ಬಿತ್ತು, ದೇವರಿಗೇ ಗೊತ್ತು.

ಗುಲಾಬಿಗೆ ವಿಷಯ ತಿಳಿದಾಗ ಮೊದಲು ನಗು ಬಂತು, ಆಮೇಲೆ ಹೆದರಿಕೆ ಬಂತು. "ಮಂಡೆ ಸಮ ಇತ್ತಾ ನಿಂಗೆ? ಸುಮ್ನೆ ನೀರ್ ಬಿಟ್ಟ್, ಮುಚ್ಳ ಒರ್ಸಿ, ಹೊಸ್ತ್ ಹಾಕ್. ಮುಗ್ದೋಯ್ತ್."

"ಬೆಳಿಗ್ಗೆಯಿಂದ ತೊಳ್ದದ್ದ್?"

"ಅರಿಶಿನ ಅಲ್ದಾ ಮಾರಾಯ್ತಿ? ಗಾಯಕ್ಕೆ ನಾವ್ ಹಚ್ಚೂದ್ ಎಂತ? ಅರಿಶಿನವೇ. ಇನ್ನೂ ಬೇಗ ಗುಣ ಆತ್ತ್ ಕಾಣ್." ದನಿ ತಗ್ಗಿಸಿ, "ಬಾಯಿ ಬಿಟ್ರೆ ನಿನ್ನ್ ಕೆಲ್ಸ ಹೋತ್ತ್. ಮನಿಯಲ್ಲಿ ಕಾಲ್ ಎಳೂ ಗಂಡ. ಯೋಚ್ನಿ ಮಾಡ್," ಎಂದಳು.

ಉಮಾವತಿ ನೀರು ಬಿಟ್ಟಳು. ಮುಚ್ಚಳ ತಿಕ್ಕಿದಳು. ಹೊಸ ನೀರು, ಹೊಸ ಲಿಕ್ವಿಡ್ಡು. ತೊಟ್ಟಿ ಏನೂ ಆಗದ ಹಾಗೆ ಫಳಫಳ ಹೊಳೆಯಿತು. ಅರಿಶಿನ ಮದ್ದು ಎಂದು ಗುಲಾಬಿ ಹೇಳಿದ್ದೇನೂ ಸುಳ್ಳಲ್ಲ. ಆದರೆ ಚರ್ಮದ ಮೇಲೆ ಹಚ್ಚುವುದು ಬೇರೆ, ಎಲುಬಿನೊಳಗೆ ಕೂರುವುದು ಬೇರೆ. ಪಾಂಡುವಿನ ಕಾಲಿನಿಂದ ಕೀವು ಒತ್ತಿ ತೆಗೆಯುವಾಗ ಅವನು ಮೈಯೊರೆಸುವ ಬೈರಾಸನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದ. ಮುಂದೆ ಹಾಗೆ ಕಚ್ಚಲಿರುವ ಇನ್ನೊಬ್ಬ ಎಲ್ಲೋ ಒಂದು ಊರಿನಲ್ಲಿ ಈಗ ಸುಖವಾಗಿ ನಡೆದಾಡುತ್ತಿರಬಹುದು. ನಾಳೆ ಅವನು ಬೈಕಿನಿಂದ ಬಿದ್ದರೆ ಈ ಪೆಟ್ಟಿಗೆ ಒಡೆಯುತ್ತಾರೆ. ಯಾವುದರಿಂದ ಆಯಿತೆಂದು ಅವನ ಹೆಂಡತಿ ಕೇಳಿದರೆ ಆ ಡಾಕ್ಟರೂ ಹೇಳಲಿಕ್ಕಾಗುವುದಿಲ್ಲ ಎನ್ನುತ್ತಾರೆ.

ಹೀಗೆ ಯೋಚಿಸುತ್ತಲೇ ಅವಳು ಇನ್ನೊಂದು ಬುಟ್ಟಿ ಇಳಿಸಿದಳು, ಎತ್ತಿದಳು. ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಳ್ಳುವಷ್ಟರಲ್ಲಿ ಹೊರಗೆ ಟೆಂಪೋ ಸ್ಟಾರ್ಟಾಗಿ ಗೇಟು ದಾಟಿದ ಶಬ್ದ ಕೇಳಿತು.

ಟೊಪ್ಪಿ, ಗ್ಲೌಸಿನಲ್ಲೇ ಓಡಿದಳು. ನವ್ಯಶ್ರೀ ಟೇಬಲ್ಲಿನ ಹತ್ತಿರ ಚಾ ಕುಡಿಯುತ್ತಿದ್ದಳು.

"ಮೇಡಂ, ಗಾಡಿ ನಿಲ್ಸಿ. ನಾ ತೊಟ್ಟಿಗೆ ಬೊಟ್ಟಿಟ್ಟಿದ್ದೆ."

ನವ್ಯಶ್ರೀಗೆ ಮೊದಲು ತಲೆಬುಡ ತಿಳಿಯಲಿಲ್ಲ. ತಿಳಿದಾಗ ಚಾದ ಲೋಟ ಅಲ್ಲೇ ಇಟ್ಟಳು. ಬೈಯಲಿಲ್ಲ. ಡ್ರೈವರ್ ಅಜಿತನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಉಮಾವತಿ ಬಾಗಿಲ ದಾರಂದ ಹಿಡಿದು ನಿಂತಿದ್ದಳು. ಹೈವೇಯಲ್ಲಿ ಒಂದೊಂದು ಬಸ್ಸು ಹೋದಾಗಲೂ ಗಾಡಿ ಇನ್ನಷ್ಟು ದೂರ ಹೋಯಿತೆಂದು ಅವಳ ಜೀವ ಜಗ್ಗುತ್ತಿತ್ತು. ಕೊನೆಗೆ ಫೋನು ಅದಾಗಿಯೇ ಬಡಿದುಕೊಂಡಿತು.

"ಎಂತಾಯ್ತ್ ಮೇಡಂ? ಬ್ರಹ್ಮಾವರದಲ್ಲಿ ಗೋಳಿಬಜೆ ತಿಂತಾ ಇದ್ದಿದ್ದೆ, ಫೋನ್ ಗಾಡಿಯಲ್ಲಿತ್ತ್."

"ಅಜಿತಾ, ಹಾಂಗೇ ತಿರ್ಗಿಸ್. ಒಂದ್ ಪೆಟ್ಗಿಯೂ ಇಳ್ಸೂಕಿಲ್ಲ."

ಪೆಟ್ಟಿಗೆಗಳು ವಾಪಸ್ಸು ಬಂದವು, ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ಭೋಜರಾಜ ಶೆಟ್ಟರೂ ಬಂದಿದ್ದರು. ಅವರು ಕೂಗುವ ಪೈಕಿಯವರಲ್ಲ. ಮೆಲ್ಲ ಕೇಳಿದರು.

"ಹೊರಗೆ ಅಷ್ಟ್ ಮಿಷಿನಿಗೆ ಪೂಜಿ ಮಾಡಿದ್ದ್ ಸಾಕಾಯ್ಲಿಲ್ಯಾ ನಿಂಗೆ?"

"ನಂಗೆ ಅನ್ನ ಕೊಡೂದ್ ಆ ತೊಟ್ಟಿ ಅಲ್ದಾ ಶೆಟ್ರೇ?"

"ನಂಗೂ ಕೊಡೂದ್ ಅದೇ ಮಾರಾಯ್ತಿ." ಶೆಟ್ಟರು ಮುಖ ಒರೆಸಿಕೊಂಡರು. "ನೀನಾಗಿ ಬಂದ್ ಹೇಳ್ದೆ, ಅದ್ ನಂಗ್ ಗೊತ್ತಾಯ್ತ್. ಆದ್ರೆ ಇನ್ನ್ ಆ ರೂಮಿಗೆ ನೀ ಹೋಪುದ್ ಬ್ಯಾಡ. ನಾಳೆ ಬಾ. ಹಾಲ್ ಗುಡ್ಸೂ ಕೆಲ್ಸ ಇತ್ತ್, ಅದ್ ಮಾಡ್."

ಪ್ಯಾಕು ಒಡೆದು ಎಲ್ಲವನ್ನೂ ಮತ್ತೆ ತೊಳೆಯಬೇಕಾಯಿತು. ಭಾನುವಾರದ ರಜೆ ಎಲ್ಲರಿಗೂ ತಪ್ಪಿತು. ಗುಲಾಬಿ ಟೊಪ್ಪಿ ಕಿತ್ತು ಬಿಸಾಡಿ, "ತವರಿಗೆ ಹೋಪ ಅಂದ್ಕಂಡಿದ್ದೆ. ಇವ್ಳ್ ಭಕ್ತಿಗೆ ನಮ್ಗೆ ಉಪ್ವಾಸ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಮನೆಯಲ್ಲಿ ಉಮಾವತಿ ನಡೆದದ್ದೆಲ್ಲ ಹೇಳಿದಳು. ಪಾಂಡು ಉಣ್ಣುವುದು ನಿಲ್ಲಿಸಿದ.

"ನಾ ಹೇಳಿದ್ದಕ್ಕೆ ಇಟ್ಟದ್ದ್ ಅಂದ್ಯಾ?"

"ನಿಮ್ಮ್ ಹೆಸ್ರ್ ಎತ್ಲಿಲ್ಲ."

"ಇಟ್ಟದ್ದಾಯ್ತ್, ಒರ್ಸಿದ್ದಾಯ್ತ್. ಮತ್ತ್ ಎಂತಕ್ಕ್ ಹೇಳೂಕೆ ಹೋದೆ?"

"ಹ್ವಾಯ್, ಅದ್ ಯಾರ್ದೋ ಕಾಲಿಗೆ ಹೋಪುದಲ್ದಾ?"

"ನನ್ನ್ ಕಾಲಿಗೆ ಹಾಕುವಾಗ ಯಾರಾದ್ರೂ ಓಡ್ಕಂಡ್ ಬಂದ್ ಹೇಳಿದ್ರಾ?" ಅನ್ನದ ಬಟ್ಟಲನ್ನು ಅತ್ತ ನೂಕಿದ. "ನಂಗಿಲ್ದದ್ದ್ ಊರಿನವ್ರಿಗೆಲ್ಲ ಎಂತಕ್ಕೆ?"

ಉಮಾವತಿ ಬಟ್ಟಲನ್ನು ಎತ್ತಿ ಒಳಗಿಟ್ಟಳು.

ಮಾರನೆಯ ದಿನ ಅವಳಿಗೆ ಮಿಷಿನಿನ ಹಾಲ್ ಗುಡಿಸಲು ಪೊರಕೆ ಸಿಕ್ಕಿತು. ಮಿಷಿನಿನ ಅಡಿಯಲ್ಲಿ ಸುರುಳಿ ಸುರುಳಿ ಸ್ಟೀಲು ಬಿದ್ದಿರುತ್ತದೆ, ಅದನ್ನು ಗುಡಿಸಿ ಚೀಲಕ್ಕೆ ತುಂಬಬೇಕು. ತೊಳೆಯುವ ರೂಮಿನ ಗಾಜಿನಾಚೆ ಗುಲಾಬಿ, ಉಮಾವತಿಯ ಜಾಗದಲ್ಲಿ. ವಾಪಸ್ಸು ಬಂದ ಸ್ಕ್ರೂಗಳನ್ನೇ ತೊಟ್ಟಿಗೆ ಇಳಿಸುತ್ತಿದ್ದಳು. ಸಿಟ್ಟಿನಲ್ಲಿ ಬುಟ್ಟಿಯನ್ನು ಎತ್ತುವ ರಭಸ ಇಲ್ಲಿಗೇ ಕಾಣುತ್ತಿತ್ತು. ಉಮಾವತಿ ಪೊರಕೆ ಹಿಡಿದು ಅಲ್ಲಲ್ಲೇ ಸುತ್ತಿದಳು. ಗುಲಾಬಿ ನೀರು ಕುಡಿಯಲು ಹೊರಗೆ ಬಂದದ್ದೇ ತಡ, ಅಡ್ಡ ನಿಂತಳು.

"ಹೆಣೆ, ಜಾಲ್ಸಿದ್ಯಾ ಸಮ? ಎಲ್ಲಾ ನೀರಲ್ಲೂ ಹಾಕ್ದ್ಯಾ?"

ಗುಲಾಬಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ಗುಡ್ಸೂದ್ ಗುಡ್ಸ್ ಮಾರಾಯ್ತಿ," ಎಂದು ನೀರು ಕುಡಿದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಉಮಾವತಿ ಗಾಜಿಗೆ ಮುಖ ಹಚ್ಚಿ ನಿಂತಳು. ಒಳಗೆ ಗುಲಾಬಿ ಬೆನ್ನು ಹಾಕಿ ನಿಂತಿದ್ದರಿಂದ, ಬುಟ್ಟಿ ಯಾವ ನೀರಿಗೆ ಹೋಯಿತೆಂದು ಅವಳಿಗೆ ಕಾಣಲಿಲ್ಲ.