ಅಕ್ಕನ ಹಲ್ಲು ನೋಡಿದವರು

ಮೊನ್ನೆ ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಯ ಮುಚ್ಚಳ ತೆಗೆದಾಗ ಲವಂಗದ ವಾಸನೆ ಮೂಗಿಗೆ ಬಡಿಯಿತು. ಬೇರೆ ಯಾರಿಗಾದರೂ ಪಲಾವು ನೆನಪಾಗಬೇಕಾದ ವಾಸನೆ ಅದು. ನನಗೆ ನೆನಪಾದದ್ದು ರಾಯಚೂರಿನ ಒಂದು ಹಲ್ಲಿನ ದವಾಖಾನೆ, ಅದರ ಹೊರಗಿನ ಮರದ ಬೆಂಚು, ಬಾಗಿಲಿಗೆ ಇಳಿಬಿಟ್ಟ ಹಸಿರು ಪರದೆ. ಪರದೆ ಹಸಿರೇ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ದಿನಚರಿ ಬರೆಯುವ ಚಟ ನನಗೆ ಕಾಲೇಜಿನ ದಿನಗಳಿಂದ ಇದೆ. ಆ ಚಟದಿಂದ ನಾನು ಕಲಿತದ್ದು ಒಂದೇ: ಒಂದು ಸಂಗತಿಯನ್ನು ಚೆನ್ನಾಗಿ ಬರೆದುಬಿಟ್ಟರೆ ಆಮೇಲೆ ಬರೆದದ್ದು ನೆನಪಿರುತ್ತದೆ, ನಡೆದದ್ದು ಮರೆತುಹೋಗುತ್ತದೆ. ಆದ್ದರಿಂದ ನೀವು ನನ್ನ ಮಾತನ್ನು ಅರ್ಧ ನಂಬಿದರೆ ಸಾಕು. ಉಳಿದರ್ಧಕ್ಕೆ ನಮ್ಮ ಅಕ್ಕ ಇದ್ದಾಳೆ.

ನಮ್ಮೂರು ದೇವದುರ್ಗದ ಕಡೆಯದು. ಎಪ್ಪತ್ತರ ದಶಕದಲ್ಲಿ ಅಲ್ಲಿ ಬೆಳೆದ ನಮ್ಮೆಲ್ಲರ ಹಲ್ಲೂ ಕಂದು. ಕೆಲವರಿಗೆ ಚಹಾದ ಬಣ್ಣದ ಅಡ್ಡಗೆರೆ, ಕೆಲವರಿಗೆ ಸುಣ್ಣ ಸಿಡಿದಂಥ ಚುಕ್ಕಿ, ಇನ್ನು ಕೆಲವರಿಗೆ ಎರಡೂ. ದೇವದುರ್ಗದ ಸಂತೆಯಲ್ಲಿ ಬಳೆ ಮಾರುವ ಮುದುಕಿ ನಾವು ನಕ್ಕ ಕೂಡಲೇ ನಮ್ಮೂರಿನ ಹೆಸರು ಹೇಳುತ್ತಿದ್ದಳು. ಅದು ನಮಗೆ ಗುರುತಾಗಿತ್ತು, ಕುಂದು ಅನ್ನಿಸಿರಲಿಲ್ಲ. ಎಲ್ಲರಿಗೂ ಇರುವುದನ್ನು ಕುಂದು ಎನ್ನುವುದು ಹೇಗೆ? ಬೇವಿನ ಕಡ್ಡಿ ಜಗಿದು, ಬೂದಿ ಹಚ್ಚಿ, ಬಾಯಿ ಉರಿಯುವ ತನಕ ತಿಕ್ಕುತ್ತಿದ್ದೆವು. ಹಲ್ಲು ಸ್ವಚ್ಛವಾಗುತ್ತಿದ್ದವು, ಬೆಳ್ಳಗಾಗುತ್ತಿರಲಿಲ್ಲ. ಈ ಎರಡು ಬೇರೆ ಬೇರೆ ಎಂಬುದು ಊರು ಬಿಡುವ ತನಕ ನಮಗೆ ಗೊತ್ತಿರಲಿಲ್ಲ.

ನಾವು ಕುಡಿಯುತ್ತಿದ್ದದ್ದು ನಮ್ಮ ಕೇರಿಯ ಬಾವಿಯ ನೀರು. ಊರೊಳಗಿನ ಬಾವಿಗೆ ನಮ್ಮ ಕೊಡ ಇಳಿಯುವಂತಿರಲಿಲ್ಲ. ಹಾಗಾಗಿ ಕೇರಿಯವರೇ ಸೇರಿ ಕಲ್ಲು ಒಡೆದು ತೋಡಿದ ಬಾವಿ ಅದು. ನಮ್ಮಪ್ಪನೂ ಅದರ ಕಲ್ಲು ಹೊತ್ತಿದ್ದ. ಅಪ್ಪನಿಗೆ ಇನ್ನೊಂದು ಕೆಲಸದಲ್ಲಿ ಹೆಸರಿತ್ತು. ನಮಗೆ ಸ್ವಂತ ಎತ್ತು ಯಾವತ್ತೂ ಇರಲಿಲ್ಲ, ಆದರೆ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವುದರಲ್ಲಿ ಅಪ್ಪನನ್ನು ಬಿಟ್ಟರಿಲ್ಲ ಅನ್ನುತ್ತಿದ್ದರು. ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಒಬ್ಬರ ಮಾತಿನ ಮೇಲೆ ಕೊಳ್ಳುವುದಿಲ್ಲ. ಮೊದಲು ಒಬ್ಬ ಬಾಯಿ ಬಿಡಿಸಿ ನೋಡುತ್ತಾನೆ. ಆಮೇಲೆ ಇನ್ನೊಬ್ಬನನ್ನು ಕರೆಯುತ್ತಾರೆ. ಮೊದಲಿನವನು ಕಂಡದ್ದೇನು ಎಂದು ಎರಡನೆಯವನಿಗೆ ಹೇಳುವಂತಿಲ್ಲ, ಅವನು ಕೇಳುವಂತೆಯೂ ಇಲ್ಲ. ಹೇಳಿದರೆ ಅವನ ಕಣ್ಣು ಕೆಡುತ್ತದೆ. ಅಪ್ಪ ಯಾವಾಗಲೂ ಎರಡನೆಯವನಾಗಿ ಹೋಗುತ್ತಿದ್ದ.

ನಾನು ಹೇಳಹೊರಟ ಸಂಗತಿ ನಡೆದ ಹೊತ್ತಿಗೆ ಅಪ್ಪ ಬದುಕಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ರಾಯಚೂರಿನಲ್ಲಿ ಕಾಲೇಜು ಓದುತ್ತ ಹಾಸ್ಟೆಲಿನಲ್ಲಿದ್ದೆ. ಅಕ್ಕ ಅಲ್ಲೇ ಶಿಕ್ಷಕಿಯ ತರಬೇತಿಗೆ ಸೇರಿ ಹುಡುಗಿಯರ ಹಾಸ್ಟೆಲಿನಲ್ಲಿದ್ದಳು. ನಮ್ಮ ಕೇರಿಯಿಂದ ಮಾಸ್ತರಿಕೆಗೆ ಹೊರಟ ಮೊದಲ ಹೆಣ್ಣುಮಗಳು. ತರಬೇತಿಯವರನ್ನು ಒಂದು ಪ್ರೈಮರಿ ಶಾಲೆಗೆ ಕಳಿಸಿ ಪಾಠ ಮಾಡಿಸುತ್ತಿದ್ದರು. ಹೇಳಿದಷ್ಟು ಪಾಠ ಮುಗಿಸದಿದ್ದರೆ ಸರ್ಟಿಫಿಕೇಟು ಇಲ್ಲ.

ಅಕ್ಕನ ಪಾಲಿಗೆ ಬಂದ ಮೊದಲ ಪಾಠ ದೇಹದ ಸ್ವಚ್ಛತೆ. ರಟ್ಟಿನ ಮೇಲೆ ದೊಡ್ಡ ಹಲ್ಲಿನ ಸಾಲು ಬರೆದುಕೊಂಡು ಹೋಗಿದ್ದಳು. ದಿನಕ್ಕೆ ಎರಡು ಸಲ ಹಲ್ಲು ತಿಕ್ಕಬೇಕು ಎಂದು ಹೇಳುತ್ತಿದ್ದಾಗ ಮುಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತು, ತಂಟೆಗೆ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿತಂತೆ: "ಟೀಚರ್, ನೀವು ಹಲ್ಲು ತಿಕ್ಕಂಗಿಲ್ಲೇನ್ರಿ?"

ನಳದ ನೀರು ಕುಡಿದು ಬೆಳೆದ ಪಟ್ಟಣದ ಮಕ್ಕಳು. ಇಡೀ ತರಗತಿ ನಕ್ಕಿತು. ಹಿಂದೆ ಕುಳಿತು ಅಂಕ ಹಾಕುತ್ತಿದ್ದವರೂ ನಕ್ಕರೋ ಏನೋ, ಅಕ್ಕ ತಿರುಗಿ ನೋಡಲಿಲ್ಲ. ಸ್ವಚ್ಛ ಇಲ್ಲದವರು ಎಂಬ ಮಾತು ನಮ್ಮ ಕೇರಿಯವರಿಗೆ ಬರೀ ಹಲ್ಲಿನ ಮಾತಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕ ಪಾಠ ಅಲ್ಲಿಗೇ ಬಿಟ್ಟು, ಹೊಟ್ಟೆನೋವೆಂದು ಹೇಳಿ ಹೊರಬಿದ್ದಳು. ಸಂಜೆ ನನ್ನ ಹಾಸ್ಟೆಲಿನ ಗೇಟಿಗೆ ಬಂದು, ಸೆರಗು ಬಾಯಿಗೆ ಹಿಡಿದೇ ಮಾತಾಡಿದಳು. "ಈ ಹಲ್ಲು ಇರೋತನ ನಾ ಹುಡುಗರ ಮುಂದ ನಿಂದ್ರಂಗಿಲ್ಲ ತಮ್ಮಾ. ಹಲ್ಲಿನ ಡಾಕ್ಟರ್ ಎಲ್ಲಿ ಅದಾನ ನೋಡು."

ನನ್ನ ಹಲ್ಲೂ ಅದೇ ಬಾವಿಯವು. ಕಾಲೇಜಿನಲ್ಲಿ ನಾನು ಭಾಷಣ ಸ್ಪರ್ಧೆಗೆ ಹೋಗುತ್ತಿದ್ದೆ, ಬಾಯಿ ತುಂಬ ಮಾತಾಡುತ್ತಿದ್ದೆ. ಬೀಡಿ ಸೇದುತ್ತಾನೆ ಅಂದುಕೊಂಡಿರಬೇಕು, ಯಾರೂ ಏನೂ ಕೇಳಲಿಲ್ಲ. ಗಂಡಸಿನ ಬಾಯಿಗೆ ಸಿಗುವ ರಿಯಾಯಿತಿ ಎಷ್ಟು ದೊಡ್ಡದೆಂದು ಆ ಸಂಜೆಯ ಮುಂಚೆ ನಾನು ಯೋಚಿಸಿರಲಿಲ್ಲ. ಆಮೇಲೂ ಬಹಳ ಯೋಚಿಸಿದೆ ಎಂದು ಹೇಳಲಾರೆ.

ರಾಯಚೂರಿನ ಆ ಡಾಕ್ಟರು ಕರಾವಳಿಯ ಕಡೆಯವರು, ವಯಸ್ಸು ಚಿಕ್ಕದು, ಪುಸ್ತಕದಂಥ ಕನ್ನಡ. ಅಕ್ಕ ಪರದೆಯ ಒಳಗೆ ಹೋದಳು, ನಾನು ಲವಂಗದೆಣ್ಣೆಯ ವಾಸನೆಯಲ್ಲಿ ಬೆಂಚಿನ ಮೇಲೆ ಕುಳಿತೆ. ಕೊನೆಗೆ ನನ್ನನ್ನೂ ಒಳಗೆ ಕರೆದು ವಿಷಯ ಹೇಳಿದರು: ಬಣ್ಣ ಹಲ್ಲಿನ ಒಳಗಿನದು, ಉಜ್ಜಿದರೆ ಹೋಗುವುದಿಲ್ಲ, ಮುಂದಿನವನ್ನು ಕಿತ್ತು ಹೊಸ ಹಲ್ಲು ಕಟ್ಟಬಹುದು. ಅವರು ಹೇಳಿದಷ್ಟು ದುಡ್ಡು ನಮ್ಮಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಅಕ್ಕ ದಿನ ಗೊತ್ತುಮಾಡಿಕೊಂಡೇ ಹೊರಬಂದಳು.

ಊರಿಗೆ ಹೋಗಿ ಅವ್ವನಿಗೆ ಹೇಳಿದೆವು. ಅವ್ವನ ಕೊರಳಲ್ಲಿ ಒಂದು ಬಂಗಾರದ ಬೋರಮಾಳ ಸರ ಇತ್ತು, ಇದ್ದದ್ದು ಅದೊಂದೇ. ಅದನ್ನು ಬಿಚ್ಚಿ ಕೊಡಲು ಅವಳು ಹಿಂದೆಮುಂದೆ ನೋಡಲಿಲ್ಲ. ಅವಳನ್ನು ತಡೆದದ್ದು ಬೇರೆ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು, ನೋಡಿದವರು ಎಷ್ಟು ಮಂದಿ? ಒಬ್ಬರೇ ಅಂದೆ.

"ಎತ್ತಿನ ಬಾಯಿಗೆ ಇಬ್ಬರು ಬೇಕು, ನನ್ನ ಮಗಳ ಬಾಯಿಗೆ ಒಬ್ಬ ಸಾಕೇನು?"

"ನಾ ಎತ್ತೇನು ಬೇ?" ಅಂದಳು ಅಕ್ಕ.

"ಎತ್ತಿಗಿಂತ ತುಟ್ಟಿ ಅದೀ," ಅಂದು ಅವ್ವ ಮತ್ತೆ ರೊಟ್ಟಿ ಬಡಿದಳು.

ಮಾನ್ವಿಯಲ್ಲಿ ಒಬ್ಬ ವಯಸ್ಸಾದ ಹಲ್ಲಿನ ಡಾಕ್ಟರು ಇದ್ದರು. ಹೈದರಾಬಾದಿನಲ್ಲಿ ಓದಿ, ಸರ್ಕಾರಿ ಕೆಲಸ ಮುಗಿಸಿ, ಸ್ವಂತ ಊರಿಗೆ ಬಂದು ಮನೆಯ ಪಡಸಾಲೆಯಲ್ಲೇ ನೋಡುತ್ತಿದ್ದರು. ಬಸ್ಸು ಹತ್ತುವ ಮುಂಚೆ ಅವ್ವ ಅಪ್ಪನ ನಿಯಮ ನಮ್ಮಿಬ್ಬರಿಗೂ ಖಡಾಖಂಡಿತ ಹೇಳಿದಳು: ಮೊದಲಿನವ ಅಂದದ್ದು ಇವರಿಗೆ ಗೊತ್ತಾಗಬಾರದು, ಯಾಕೆ ಬಂದಿದ್ದೇವೆ ಎಂದೂ ಹೇಳಬಾರದು, ಬಾಯಿ ತೆರೆದು ಸುಮ್ಮನೆ ಕೂಡಬೇಕು. ನಾನು ಬಿ.ಎ. ಓದುತ್ತಿದ್ದವನು. ಡಾಕ್ಟರಿಗೂ ದನದ ದಲ್ಲಾಳಿಗೂ ವ್ಯತ್ಯಾಸ ಇದೆ ಎಂದು ಬಸ್ಸಿನಲ್ಲಿ ಹೇಳಿ ನೋಡಿದೆ. ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹೀಗಾಗಿ ಮಾನ್ವಿಯ ಆ ಪಡಸಾಲೆಯಲ್ಲಿ ಒಂದು ವಿಚಿತ್ರ ಮೌನ ನಡೆಯಿತು. ಏನು ತ್ರಾಸು ಅಂತ ಡಾಕ್ಟರು ಕೇಳಿದರು. ಅಕ್ಕ ಬಾಯಿ ತೆರೆದಳು, ಮಾತಾಡಲಿಲ್ಲ. ಯಾವ ಹಲ್ಲು ಎಂದು ನನ್ನ ಕಡೆ ನೋಡಿದರು. ನನ್ನ ತೊಡೆಗೆ ಅವ್ವನ ಚಿವುಟು ಬಿತ್ತು. ಹುಡುಗಿಗೆ ಮಾತು ಬರುವುದಿಲ್ಲವೇನೋ ಎಂದುಕೊಂಡರು ಪಾಪ, ದನಿ ಮೆತ್ತಗೆ ಮಾಡಿ, ಕೈಸನ್ನೆ ಮಾಡಿ ಕೇಳಿದರು. ಅವ್ವ ಅದಕ್ಕೂ ಜಗ್ಗಲಿಲ್ಲ. ಬೇರೆ ದಾರಿ ಇಲ್ಲದೆ ಅವರು ಕನ್ನಡಿ ಹಿಡಿದು ಒಂದೊಂದೇ ಹಲ್ಲು ಬಡಿದು, ಅಲುಗಿಸಿ, ತಿರುತಿರುಗಿ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ನನಗೆ ಸಂತೆಯಲ್ಲಿ ಬಗ್ಗಿ ನಿಂತ ಅಪ್ಪನ ಬೆನ್ನು ಕಂಡಂತಾಯಿತು. ಕೊನೆಗೆ ಕನ್ನಡಿ ಕೆಳಗಿಟ್ಟು ಹೇಳಿದರು:

"ಹಿಂದ ಒಂದು ದವಡಿ ಹಲ್ಲು ಹುಳ ಹತ್ತ್ಯಾದ, ತುಂಬತೀನಿ. ಉಳಿದವು ಕಲ್ಲಿನಂಗ ಅದಾವ. ಯಾಕ ಬಂದೀರಿ ಯವ್ವಾ?"

ಅವ್ವನ ಮುಖದಲ್ಲಿ ಸಂತೆ ಗೆದ್ದ ಕಳೆ. ಅಕ್ಕ ತಡೆಯಲಾರದೆ ನಿಯಮ ಮುರಿದಳು. ಬಣ್ಣ ನಿಮಗೆ ಕಾಣುವುದಿಲ್ಲವೇ ಎಂದು ಕೇಳಿದಳು. ಕಾಣುತ್ತದೆ, ಬಣ್ಣ ಬ್ಯಾನಿ ಅಲ್ಲ ಅಂದರು ಅವರು. ನೀರಿನೊಳಗಿನ ಒಂದು ಅಂಶದಿಂದ ಚಿಕ್ಕಂದಿನಲ್ಲೇ ಹೀಗಾಗುತ್ತದೆ ಎಂದರು. ಯಾವ ಬಾವಿಯ ನೀರು ಎಂದು ಕೇಳಿದಾಗ ಅವ್ವ ಸೆಟೆದು ಕುಳಿತು, ಆ ಬಾವಿ ತನ್ನ ಗಂಡ ಕಲ್ಲು ಹೊತ್ತದ್ದು ಎಂದು ಹೇಳಿದಳು. ಬಾವಿಗೆ ನಾ ಏನೂ ಅನ್ನಲಿಲ್ಲವ್ವ ಎಂದು ಅವರು ಗಾಬರಿಯಿಂದ ಕೈ ಅಡ್ಡ ಮಾಡಿದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ಕೀಳು ಅಂದ್ರ ಈಗ ಕೀಳ್ತೀನಿ. ತಿರುಗಿ ಹಚ್ಚು ಅಂದ್ರ ನನ್ನ ಕೈಯಾಗಿಲ್ಲ. ನೀ ಹೇಳು ತಂಗಿ."

ಅಕ್ಕ ಅದೊಂದು ದವಡೆ ಹಲ್ಲು ತುಂಬಿಸಿಕೊಂಡು ಎದ್ದಳು. ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಬ್ಬು ತಂದುಕೊಟ್ಟೆ. ಅವಳು ಅಷ್ಟು ಜನರ ನಡುವೆ ಸೆರಗು ಅಡ್ಡ ಹಿಡಿಯದೆ, ಮುಂದಿನ ಹಲ್ಲಿನಿಂದ ಸಿಪ್ಪೆ ಸಿಗಿದು ತಿಂದಳು. ಅಲ್ಲಿಗೆ ತೀರ್ಮಾನವಾಯಿತು. ಮುಂದೆ ಅವಳು ಪಾಠ ಮುಗಿಸಿದಳು, ಮಾಸ್ತರಿಣಿಯಾದಳು, ಹೆಡ್‌ಮಿಸ್ ಆಗಿ ನಿವೃತ್ತಳಾದಳು. ತಾನಿರುವ ತನಕ ಅವ್ವ, ಆಮೇಲೆ ನಾನು, ಬಂದವರಿಗೆಲ್ಲ ಈ ಕಥೆ ಹೇಳಿದ್ದೇವೆ: ರಾಯಚೂರಿನ ಡಾಕ್ಟರು ಕೀಳಲು ಹೊರಟಿದ್ದರು, ನಾವು ಮಾನ್ವಿಗೆ ಹೋಗಿ ಉಳಿಸಿಕೊಂಡು ಬಂದೆವು.

ಲವಂಗದ ಡಬ್ಬಿ ಮುಚ್ಚಿಟ್ಟು ಇಷ್ಟನ್ನೂ ಬರೆದ ಮೇಲೆ, ಒಂದು ಸಲ ಕೇಳಿಬಿಡೋಣ ಎಂದು ಅಕ್ಕನಿಗೆ ಫೋನ್ ಮಾಡಿ ಓದಿದೆ. ಮಾನ್ವಿಯ ಮೌನಕ್ಕೆ ನಕ್ಕಳು. ಕಬ್ಬು ಬಂದ ಕೂಡಲೇ ತಡೆದಳು.

"ಯಾವ ಕಬ್ಬೋ? ದವಡಿ ತುಂಬಿಸಿಕೊಂಡಾಕಿ ಕಬ್ಬು ತಿಂತಾಳೇನು?"

ಅವಳೇ ಮುಂದುವರಿಸಿದಳು. ಆ ರಾಯಚೂರಿನ ಡಾಕ್ಟರು ಕೀಳಬೇಕೆಂದು ಹೇಳಿಯೇ ಇರಲಿಲ್ಲವಂತೆ. ಹಲ್ಲು ಗಟ್ಟಿ ಇವೆ, ಬಿಡಿ ಎಂದು ಅವರೇ ಮೊದಲು ಅಂದಿದ್ದರು. ಕಿತ್ತುಬಿಡಿ ಎಂದು ಪರದೆಯ ಒಳಗೆ ಅವಳೇ ಕೈಮುಗಿದು ಕೇಳಿಕೊಂಡಳು. ಬೆಂಚಿನ ಮೇಲೆ ಕುಳಿತ ನನಗೆ ಅದು ಕೇಳಿಸಿರಲಿಲ್ಲ, ಅಷ್ಟೆ. ಹಾಗಾದರೆ ಇಬ್ಬರು ಡಾಕ್ಟರೂ ಹೇಳಿದ್ದು ಒಂದೇ ಮಾತು. ಬೇರೆ ಮಾತು ಹೇಳಿದ್ದು ಆ ತರಗತಿಯ ನಗು.

ಮಾನ್ವಿಯಿಂದ ಬಂದ ಮೇಲೂ ಅವಳ ಮನಸ್ಸು ಬದಲಾಗಿರಲಿಲ್ಲ. ಗೊತ್ತುಮಾಡಿದ ದಿನ, ಅವ್ವನಿಗೂ ನನಗೂ ಹೇಳದೆ, ಒಬ್ಬಳೇ ಹೋಗಿ ರಾಯಚೂರಿನ ದವಾಖಾನೆಯ ಕುರ್ಚಿಯಲ್ಲಿ ಕುಳಿತಳು. ಡಾಕ್ಟರು ಕೈ ತೊಳೆದು ಬಂದು ಬಾಯಿ ತೆರೆಯಿರಿ ಅಂದರು.

"ತೆಗೀಲಿಲ್ಲ," ಅಂದಳು ಅಕ್ಕ. "ತೆಗೀಬೇಕು ಅಂತನ ಹೋಗಿದ್ದೆ. ಬಾಯಿ ಬಿಡಾಕ ಆಗಲಿಲ್ಲ ನೋಡು. ಪಾಪ ಅವರು ಹಂಗ ನಿಂತಿದ್ರು. ಆಮ್ಯಾಲ ಇಕ್ಕಳ ತಾಟಿನಾಗ ಇಟ್ಟು, ಒಳ್ಳೇದಾಯಿತು ಹೋಗಿ ಬನ್ನಿ ಅಂದ್ರು. ಬಾಗಿಲ ತನ ಬಂದ್ರು."

ಅಲ್ಲಿಂದ ಹಾಸ್ಟೆಲಿಗೆ ಹೋದೆಯಾ ಎಂದು ಕೇಳಿದೆ.

"ಹಾಸ್ಟೆಲಿಗೆ ಯಾಕ? ಪಾಠ ಉಳಿದಿತ್ತಲ್ಲ. ಸೀದಾ ಸಾಲಿಗಿ ಹೋದೆ. ಅದ ಹಲ್ಲಿನ ಪಾಠ, ಅದ ಹುಡುಗರು. ಇವು ತಿಕ್ಕಿದ ಹಲ್ಲು, ನಂಬಂಗಿಲ್ಲ ಅಂದ್ರ ಹತ್ರ ಬಂದು ನೋಡ್ರಿ ಅಂದೆ. ಮೊದಲು ಆ ಹುಡುಗಿ ಬಂತು. ಆಮ್ಯಾಲ ಒಬ್ಬೊಬ್ಬರ ಬಂದ್ರು. ಎಲ್ಲಾರೂ ನೋಡೋತನ ಬಾಯಿ ತೆಗದು ನಿಂತಿದ್ದೆ."

ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಅವಳು ಫೋನ್ ಇಟ್ಟಳು. ನಾನು ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟು ವರ್ಷ ಮುಗಿಸುತ್ತಿದ್ದ ಕಥೆ, ನಾನಿಲ್ಲದ ಒಂದು ಕೋಣೆಯಲ್ಲಿ, ಸಾಲಾಗಿ ನಿಂತ ಮಕ್ಕಳ ಮುಂದೆ ಇನ್ನೂ ನಡೆಯುತ್ತಿತ್ತು. ನಾನು ಫೋನು ಕಿವಿಗೆ ಹಿಡಿದು ಆ ಸಾಲಿನ ಕೊನೆಯಲ್ಲಿ ನಿಂತೆ.