ತಪ್ಪಿಗೊಂದು ದ್ರಾಕ್ಷಿ ಬೀಜ

ನಮ್ಮ ರಾಜಾನುಕುಂಟೆಯ ದ್ರಾಕ್ಷಿ ತೋಟಗಳೆಲ್ಲ ಇನ್ನೂ ಸೈಟುಗಳಾಗಿರದಿದ್ದ ದಿನಗಳವು. ತೀರಾ ಹಿಂದಿನ ಮಾತೇನಲ್ಲ. ನಾನು ಸೆಕೆಂಡ್ ಪಿಯುಸಿ, ತಂಗಿ ಚಂದನಾ ಏಳನೇ ಕ್ಲಾಸು. ಶಿವರಾತ್ರಿಯ ಹೊತ್ತಿಗೆ ಬೀದಿ ತುಂಬ ಕಪ್ಪು ದ್ರಾಕ್ಷಿಯ ಹುಳಿ ವಾಸನೆ. ಆ ವಾಸನೆ ಬಂದರೆ ಇವತ್ತಿಗೂ ನನಗೆ ನೆನಪಾಗುವುದು ಯಲಹಂಕದ ಒಂದು ದರಿದ್ರ ಕೋಚಿಂಗ್ ಸೆಂಟರು.

ಸಿಇಟಿಗೆಂದು ಅಪ್ಪ ನನ್ನನ್ನು ಅಲ್ಲಿಗೆ ಸೇರಿಸಿದ್ದರು. ಮೊದಲ ಮಾಕ್ ಟೆಸ್ಟಿನಲ್ಲಿ ಗಣಿತಕ್ಕೆ ಅರವತ್ತಕ್ಕೆ ಹದಿಮೂರು ಬಂತು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಕಣ್ಣು ಮುಚ್ಚಿ ತುಂಬಿದವರಿಗೂ ಹದಿನೈದು ಬರಬೇಕು. ನನ್ನನ್ನು ಕೊನೆಯ ಬ್ಯಾಚಿಗೆ ತಳ್ಳಿದರು. ಅಲ್ಲಿನ ಸರ್, ಬೋರ್ಡಿಗಿಂತ ಹೆಚ್ಚಾಗಿ ಮೊಬೈಲಿನಲ್ಲಿ ತಮ್ಮ ಕ್ರಾಪು ನೋಡಿಕೊಳ್ಳುತ್ತಿದ್ದ ಮಹಾನುಭಾವರು, ನಮಗೆ ಗಣಿತ ಕಲಿಸುತ್ತಲೇ ಇರಲಿಲ್ಲ.

"ಲೆಕ್ಕ ಮಾಡೋಕೆ ಹೋಗ್ಬೇಡಿ. ಆಪ್ಷನ್ ನೋಡಿ, ಎರಡು ಹೊಡೆದು ಹಾಕಿ, ಉಳಿದಿದ್ರಲ್ಲಿ ಒಂದು ತುಂಬಿ. ತಪ್ಪಾದ್ರೆ ಮಾರ್ಕ್ಸ್ ಏನೂ ಕಟ್ ಆಗಲ್ಲ."

ಇದನ್ನೂ ನಾವು ನೋಟ್ಸಿನಲ್ಲಿ ಬರೆದುಕೊಂಡೆವು. ಕುರಿಗಳು.

ಮನೆಯಲ್ಲಿ ಅಪ್ಪ ಒಂದೇ ಮಾತು ಹೇಳಿದ್ದರು. "ಸೀಟು ಸಿಕ್ಕಿದ್ರೆ ಇಂಜಿನಿಯರಿಂಗು. ಸಿಗ್ಲಿಲ್ಲ ಅಂದ್ರೆ ಇಲ್ಲೇ ಏರ್‌ಪೋರ್ಟಲ್ಲಿ ಯಾವ್ದಾದ್ರೂ ಕೆಲ್ಸಕ್ಕೆ ಸೇರ್ಕೊಳವ್ವ. ಇಂಗೆ ಎಷ್ಟು ದಿನ ಅಂತ ಓದ್ತೀಯ?"

ಒಂದು ಸಂಜೆ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಲೆಕ್ಕ ಮಾಡುತ್ತಿದ್ದೆ. ಪಕ್ಕದಲ್ಲಿ ಚಂದನಾ ದ್ರಾಕ್ಷಿಗೆ ಉಪ್ಪು, ಖಾರದ ಪುಡಿ ಹಚ್ಚಿಕೊಂಡು ತಿನ್ನುತ್ತಿದ್ದಳು. ನನ್ನ ನೋಟ್‌ಬುಕ್ಕಿಗೆ ಬಗ್ಗಿದವಳು ಕೇಳಿದಳು.

"ಅಕ್ಕ, ಅರ್ಧಕ್ಕೆ ಮೂರನೇ ಒಂದು ಭಾಗ ಸೇರಿಸಿ ಐದನೇ ಎರಡು ಅಂತ ಬರೆದಿದ್ದೀಯಲ್ಲ?"

"ಹೂಂ. ಮೇಲಿಂದು ಮೇಲೆ ಕೂಡಿದೆ, ಕೆಳಗಿಂದು ಕೆಳಗೆ."

"ಅರ್ಧದ ಮೇಲೆ ಇನ್ನೊಂದಿಷ್ಟು ಹಾಕಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಗುತ್ತೆ?"

ನಾನು ಮತ್ತೆ ಅದನ್ನೇ ಕೂಡತೊಡಗಿದೆ. ಅವಳು ಬಾಯಲ್ಲಿದ್ದ ಬೀಜ ತೆಗೆದು ಬೆರಳಿನಿಂದ ನನ್ನ ಹಣೆಗೆ ಚಿಮ್ಮಿಸಿದಳು. "ಇಷ್ಟೂ ಬರಲ್ವಾ ನಿಂಗೆ? ಥೂ."

ನನಗೆ ನಿಜವಾಗಿ ಪಾಠ ಶುರುವಾಗಿದ್ದು ಅವತ್ತೇ. ಅವಳ ಏಳನೇ ಕ್ಲಾಸಿನ ಪುಸ್ತಕದಿಂದ ಹಿಡಿದು ನಾನು ಒಂದೊಂದೇ ಮೆಟ್ಟಿಲು ಹತ್ತಿದೆ. ಅವಳಿಗೆ ಗೊತ್ತಿಲ್ಲದ ಪಾಠ ಬಂದಾಗ, "ನಂಗೆ ಅರ್ಥ ಆಗೋ ಹಂಗೆ ಹೇಳು" ಎಂದು ಎದುರಿಗೆ ಕೂರುತ್ತಿದ್ದಳು. ಸಾಲಿಗೊಂದು "ಯಾಕೆ?" ತಪ್ಪಿಗೊಂದು ಬೀಜ. ಸ್ನಾನ ಮಾಡುವಾಗ ಕೂದಲಿನಿಂದ ದ್ರಾಕ್ಷಿ ಬೀಜ ಉದುರುತ್ತಿದ್ದವು. ಬೈಸಿಕೊಂಡು ಅಷ್ಟು ಸುಖಪಟ್ಟಿದ್ದು ನಾನು ಆಮೇಲೆ ಎಂದೂ ಇಲ್ಲ.

ಸಿಇಟಿಯಲ್ಲಿ ಗಣಿತಕ್ಕೆ ನಲವತ್ತೊಂದು ಬಂತು. ಸೀಟೂ ಸಿಕ್ಕಿತು. ಕೋಚಿಂಗ್‌ನವರು ಓಡೋಡಿ ಬಂದರು, ಶಾಲು ಹೊದಿಸಿದರು, 'ಹದಿಮೂರರಿಂದ ನಲವತ್ತೊಂದಕ್ಕೆ' ಎಂದು ಬರೆಸಿ ನನ್ನ ಫೋಟೋದ ಫ್ಲೆಕ್ಸನ್ನು ಬಸ್‌ ಸ್ಟ್ಯಾಂಡಿನ ಎದುರೇ ಕಟ್ಟಿದರು. ನಾಚಿಕೆಗೆಟ್ಟವರು. ಅವರಿಗಿಂತ ನಾಚಿಕೆಗೆಟ್ಟವಳು ನಾನು. ಅಪ್ಪ ಊರಿನವರನ್ನೆಲ್ಲ ನಿಲ್ಲಿಸಿ ಅದನ್ನು ತೋರಿಸುವಾಗ ಚಂದನಾ ನನ್ನ ಕೈ ಜಗ್ಗಿದಳು.

"ನಾನ್ ತಾನೇ ಅಕ್ಕ ಹೇಳ್ಕೊಟ್ಟಿದ್ದು?"

"ಸುಮ್ನಿರೇ" ಅಂದೆ. ಏಳನೇ ಕ್ಲಾಸಿನ ಹುಡುಗಿಯಿಂದ ಕಲಿತೆ ಎಂದು ಯಾರ ಮುಂದೆ ಹೇಳುವುದು? ಅವಳು ಕೈ ಬಿಟ್ಟಳು.

ಮೂರು ವರ್ಷ ಕಳೆದು ಅವಳೂ ಪಿಯುಸಿಗೆ ಸೇರಿದಾಗ ಅವಳ ಸರದಿ ಬಂತು. ಅಪ್ಪ ಯೋಚನೆಯನ್ನೇ ಮಾಡಲಿಲ್ಲ. "ಅಕ್ಕನ್ನ ಮುಂದಕ್ಕೆ ತಂದೋರು ಅವ್ರೇ ಅಲ್ವಾ?" ಎಂದು ಅದೇ ಸೆಂಟರಿಗೆ ಸೇರಿಸಿದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಎರಡು ವರ್ಷ ಅಲ್ಲಿ ಕೂತು ಬಂದಳು. ಅವಳಿಗೂ ಒಳ್ಳೆಯ ರ‍್ಯಾಂಕೇ ಬಂತು, ಅವಳದೂ ಫ್ಲೆಕ್ಸು ಬಿತ್ತು. ದ್ರಾಕ್ಷಿ ತೋಟ ಈಗ ಲೇಔಟು. ಮೊನ್ನೆ ಅಂಗಡಿಯಿಂದ ಬೀಜವಿಲ್ಲದ ದ್ರಾಕ್ಷಿ ತಂದಿದ್ದೆ. ಇಬ್ಬರೂ ಅದೇ ತಾರಸಿಯಲ್ಲಿ ಕೂತಿದ್ದಾಗ, ಹಳೆಯ ಹುಮ್ಮಸ್ಸಿಗೆ ಒಂದು ಲೆಕ್ಕ ಹೇಳಿ, ಉತ್ತರ ಏನು ಎಂದು ಕೇಳಿದೆ. ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಆಪ್ಷನ್ ಏನೇನಿದೆ ಅಕ್ಕ?" ಅಂದಳು.